ಸಾಂಬಾರ್ ಬಕೆಟ್ಟಿನಲ್ಲಿ ಹವಳ

ಬಟ್ಟೆಯ ಪೊಟ್ಟಣ ಗಲ್ಲಾದ ಮೇಲೆಯೇ ಇತ್ತು. ಕೊರಗಪ್ಪ ಬೆಳಗಿನಿಂದ ಅದನ್ನು ನೋಡಿಯೂ ನೋಡದವನ ಹಾಗೆ ಕೂತಿದ್ದ. ಒಳಗೆ ಏನಿದೆಯೆಂದು ಗೊತ್ತಿತ್ತು. ಜರಿ ಅಂಚಿನ ಬಿಳಿ ಪಂಚೆ, ಬಿಳಿ ಅಂಗಿ, ಇಸ್ತ್ರಿಯ ಮಡಿಕೆ ಮುರಿಯದ ಬಿಳಿ ಶಲ್ಯ. ಸಂಜೆ ಹೋಟೆಲಿನಲ್ಲಿ ಹೊಸದಾಗಿ ಮಾಡಿಸಿದ ಊಟದ ಹಾಲಿನ ಉದ್ಘಾಟನೆ. ಅಳಿಯ ಪ್ರೀತಮ್ ನಿನ್ನೆ ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಲೇ, ಒಂದು ಕ್ಷಣ ಫೋನನ್ನು ಎದೆಗೆ ಒತ್ತಿ ಹಿಡಿದು, "ಮಾವ, ನಾಳೆ ನೀವು ಬಾಗಿಲ ಹತ್ರ ನಿಂತು ಕೈ ಮುಗಿದ್ರೆ ಸಾಕು. ಎಂತದೂ ಮಾತಾಡ್ಬೇಕಂತ ಇಲ್ಲ. ಹೆರಿಟೇಜ್ ಲುಕ್ ಬರ್ತದೆ" ಅಂದಿದ್ದ. ಹೆರಿಟೇಜ್ ಅಂತೆ! ಅಂಧೇರಿ ಸ್ಟೇಶನ್ನಿನ ಈ ಮಗ್ಗುಲಲ್ಲಿ ಇಡ್ಲಿಯ ಹಬೆ ಏಳುತ್ತಿದ್ದ ಕಾಲದಿಂದ ಕೊರಗಪ್ಪ ತೊಟ್ಟದ್ದು ಕಂದು ಬಣ್ಣದ ಅರೆತೋಳಿನ ಅಂಗಿ, ಸಾಂಬಾರು ಚೆಲ್ಲಿದರೂ ಕಾಣಬಾರದು ಎಂಬ ಒಂದೇ ಕಾರಣಕ್ಕೆ. ಜರಿ ಪಂಚೆ ಉಟ್ಟದ್ದು ಮದುವೆಯ ದಿನ, ಅದೂ ಧಾರೆಯ ಹೊತ್ತಿಗೆ ಸೊಂಟದಿಂದ ಜಾರಿ ಪ್ರಫುಲ್ಲಾಳ ಅಣ್ಣಂದಿರೆಲ್ಲ ನಕ್ಕಿದ್ದರು. ಮಾತಾಡಬೇಕಂತ ಇಲ್ಲ ಅನ್ನುತ್ತಾನೆ. ಮಾತಾಡಿಯೇ ಈ ಹೋಟೆಲು ಕಟ್ಟಿದ್ದು ಮಾರಾಯ, ಬೈದು, ರೇಗಿಸಿ, ಗಿರಾಕಿಯ ಹೆಂಡತಿ ಮಕ್ಕಳ ಕ್ಷೇಮ ಕೇಳಿ. ಈಗ ಬಾಯಿ ಬೇಡ, ಕೈ ಸಾಕು ಅಂದರೆ ಏನರ್ಥ? ಅವನಿಗೆ ಸಿಟ್ಟು ಬಂತು. ಸಿಟ್ಟು ಬಂದದ್ದನ್ನು ತೋರಿಸುವುದಕ್ಕೆ ಎದುರಿಗೆ ಯಾರೂ ಇರಲಿಲ್ಲ.

ಮೊದಲು ಅವನ ಕುರ್ಚಿ ಗಲ್ಲಾದ ಹಿಂದೆಯೇ ಇತ್ತು. ಅದನ್ನು ಯಾರೂ ಎತ್ತಿ ಒಗೆದಿರಲಿಲ್ಲ. ನೆಲ ಒರೆಸುವವರು ಸರಿಸಿ, ಮತ್ತೆ ಇಡುವಾಗ ಒಂದು ಗೇಣು ಆಚೆ ಇಟ್ಟರು. ಬಿಲ್ಲು ಮಾಡುವ ಮಶೀನು ಬಂದಾಗ ವಯರಿಗೆ ಜಾಗ ಬೇಕೆಂದು ಇನ್ನೊಂದು ಮೊಳ ಹೋಯಿತು. ಹಾಗೆ ಹೋಗುತ್ತ ಹೋಗುತ್ತ ಈಗ ಅದು ಬಾಗಿಲ ಬಳಿಯ ಗಾಜಿನ ತೊಟ್ಟಿಯ ಪಕ್ಕದಲ್ಲಿತ್ತು. ಗಲ್ಲಾದಲ್ಲಿ ಮಶೀನು ಒತ್ತುವ ಹುಡುಗಿ ಅವನನ್ನು ಅಂಕಲ್ ಅನ್ನುತ್ತಿದ್ದಳು. ಪ್ರೀತಮ್ ಕೆಟ್ಟವನಲ್ಲ. ಅಕ್ಕನ ಮಗ. ಅಳಿಯಕಟ್ಟಿನ ಮನೆತನ, ಸ್ವಂತ ಮಕ್ಕಳಿಲ್ಲ, ಮಾವನದ್ದು ಅಳಿಯನಿಗೆ ಎಂದು ಯಾರೂ ಹೇಳಿಕೊಡದೆಯೇ ಹೋಟೆಲನ್ನು ಅವನ ಹೆಸರಿಗೆ ಮಾಡಿದ್ದು ಕೊರಗಪ್ಪನೇ. ಅವತ್ತು ಚೆಂಬೂರಿನ ಮನೆಯಲ್ಲಿ ಪ್ರಫುಲ್ಲಾ ಬೂತಾಯಿ ಮೀನು ಕೊಚ್ಚುತ್ತ, ತಲೆ ಎತ್ತದೆಯೇ ಹೇಳಿದ್ದಳು: "ಹೋಟೆಲ್ ಕೊಟ್ಟದ್ದು ಸರಿ. ಕೂತುಕೊಳ್ಳುವ ಕುರ್ಚಿ ಒಂದು ನಿಮಗೇ ಅಂತ ಇಟ್ಟುಕೊಳ್ಳಿ." ಅದೆಂಥ ಸಣ್ಣ ಮಾತು ಎಂದು ಅವನು ಆಗ ನಕ್ಕಿದ್ದ.

ಮಧ್ಯಾಹ್ನದ ಊಟದ ಗಿರಾಕಿಗಳು ಹೋದ ಮೇಲೆ ಶಟರು ಅರ್ಧ ಇಳಿಯುತ್ತಿತ್ತು, ದೀಪಗಳು ಆರುತ್ತಿದ್ದವು. ಕೆಲಸದವರು ಹಿಂದಿನ ಕೋಣೆಯಲ್ಲಿ ಮೈ ಚಾಚುತ್ತಿದ್ದರು. ಆ ಕತ್ತಲೆ ಹಾಲಿನಲ್ಲಿ ಒಬ್ಬನೇ ಕೂರುವುದು ಕೊರಗಪ್ಪನಿಗೆ ಮೊದಮೊದಲು ಅವಮಾನ ಅನಿಸುತ್ತಿತ್ತು, ಈಗ ಅದಕ್ಕಾಗಿಯೇ ಅವನು ಬೆಳಗಿನಿಂದ ಕಾಯುತ್ತಿದ್ದ. ಯಾಕೆಂದರೆ ತೊಟ್ಟಿಯ ದೀಪವೂ ಆರಿದ ಮೇಲೆ ಒಳಗಿನ ಕಲ್ಲು ಬಾಯಿ ಬಿಡುತ್ತಿತ್ತು. ಅಂಗೈಗಿಂತ ತುಸು ದೊಡ್ಡ ಕಲ್ಲು. ಅದರ ಮೇಲೆ ಕಂದುಗಪ್ಪು ಪದರ, ಪದರದ ತುಂಬ ನೀರುದೋಸೆಯ ತೂತುಗಳ ಹಾಗೆ ಒತ್ತೊತ್ತಾಗಿ ಪುಟ್ಟ ಬಟ್ಟಲುಗಳು, ಬಟ್ಟಲಿನ ಅಂಚಿನಿಂದ ನಡುವಿಗೆ ಬಿಳಿ ಗೆರೆಗಳು. ಬೆಳಕಿನಲ್ಲಿ ನೋಡಿದರೆ ತಳ ಹಿಡಿದ ಪಾತ್ರೆ. ಕತ್ತಲಾದರೆ ಪ್ರತಿ ಬಟ್ಟಲಿನಿಂದಲೂ ಕೂದಲೆಳೆಯಂಥ ಬೆರಳುಗಳು ಹೊರಬಂದು ನೀರಿನಲ್ಲಿ ತಡಕಾಡುತ್ತಿದ್ದವು. ಕೊರಗಪ್ಪ ಅಡಿಗೆಮನೆಯಿಂದ ಸಿಗಡಿಯ ಒಂದು ಚೂರು ತಂದು, ಉಗುರಿನಲ್ಲಿ ಪುಡಿ ಮಾಡಿ ಮೇಲಿನಿಂದ ಬಿಡುತ್ತಿದ್ದ. ಆ ಬೆರಳುಗಳು ಅದನ್ನು ಹಿಡಿದು, ಅವಸರವಿಲ್ಲದೆ, ಬಟ್ಟಲಿನ ನಡುವಿಗೆ ಎಳೆದುಕೊಳ್ಳುತ್ತಿದ್ದವು. ಇಷ್ಟು ವರ್ಷ ಊರಿಗೆಲ್ಲ ಬಡಿಸಿದವನು ಅವನು. ಹೀಗೆ ಸದ್ದಿಲ್ಲದೆ, ಬಿಲ್ಲಿಲ್ಲದೆ, ಉಪ್ಪು ಹೆಚ್ಚಾಯಿತು ಎನ್ನದೆ ಉಂಡವರು ಬೇರೆ ಯಾರೂ ಇರಲಿಲ್ಲ. ಅವನಿಗೆ ಅವುಗಳ ಮೇಲೆ ಪ್ರೀತಿ ಬಂದುಬಿಟ್ಟಿತ್ತು. ಕಲ್ಲಿನ ಮೇಲೆ ಪ್ರೀತಿ ಎಂದು ಹೇಳಿದರೆ ಪ್ರಫುಲ್ಲಾ ಡಾಕ್ಟರರ ಹತ್ತಿರ ಕರಕೊಂಡು ಹೋದಾಳು ಎಂದು ಹೇಳಿರಲಿಲ್ಲ.

ಹವಳ ಎಂದರೆ ಅವನಿಗೆ ಗೊತ್ತಿದ್ದದ್ದು ಕುಜದೋಷಕ್ಕೆ ಉಂಗುರದಲ್ಲಿ ಕೂರಿಸುವ ಕೆಂಪು ಕಲ್ಲು. ಇದೂ ಹವಳವೇ ಎಂದವನು ತೊಟ್ಟಿ ತಂದು ಕೂರಿಸಿದ ತಿಲಕ್. ಆಂಟಾಪ್ ಹಿಲ್ಲಿನ ಹುಡುಗ, ಮೀನಿನ ತೊಟ್ಟಿಗಳನ್ನು ಮಾಡಿಕೊಡುವುದು ಅವನ ಕಸುಬು, ತುಳು ಮಾತಾಡುತ್ತ ಮಾತಾಡುತ್ತ ಹಿಂದಿಗೆ ಜಾರುವವನು. "ಕೊರಗಪ್ಪಣ್ಣ, ಇದು ಕಲ್ಲಲ್ಲ, ಜಾನ್ವರ್, ಜೀವ ಇರುವ ಪ್ರಾಣಿ. ಕೆಳಗಿನ ಕಲ್ಲನ್ನು ತಾನೇ ಕಟ್ಟಿಕೊಳ್ತದೆ, ಒಂದು ಬೆರಳು ಅಗಲ ಆಗ್ಲಿಕ್ಕೆ ವರ್ಷಗಟ್ಟಲೆ. ಬೇರೆ ಹವಳಕ್ಕೆಲ್ಲ ಕನ್ನಡಿ ಹಾಗಿನ ನೀರು ಬೇಕು. ಇದು ಮುಂಬೈದು. ಕೆಸರಾಗಲಿ, ಬಿಸಿಲಾಗಲಿ, ಗಟಾರದ ನೀರಾಗಲಿ, ಎಂತ ಬಂದ್ರೂ ಝೇಲ್ತದೆ, ತಡಕೊಳ್ತದೆ." ತೊಟ್ಟಿಗೆ ಸಮುದ್ರದ ನೀರು ತರಲು ಅವರಿಬ್ಬರೂ ಇಳಿತದ ಹೊತ್ತಿಗೆ ಖಾರ್ ದಾಂಡಾದ ಬಂಡೆಗಳಿಗೆ ಹೋಗಿದ್ದರು. ತಿಲಕ್ ಒಂದು ಹೊಂಡದ ಅಂಚಿನಲ್ಲಿ ಈ ಹವಳದ ಬುಡಕ್ಕೆ ಕಬ್ಬಿಣದ ಸಲಾಕೆ ಕೊಟ್ಟು ಮೀಟಿದ. ಬಂಡೆ ಬಿಡಲಿಲ್ಲ. ಮತ್ತೆ ಮೀಟಿದ. ಟಕ್ ಎಂದು ಸದ್ದಾಯಿತು, ತೆಂಗಿನಕಾಯಿ ಒಡೆದ ಹಾಗೆ, ಅಷ್ಟೇ. ಹಳೇ ಹೋಟೆಲಿನ ಸಾಂಬಾರ್ ಬಕೆಟ್ಟನ್ನು ಮುಂದೆ ಹಿಡಿದವನು ಕೊರಗಪ್ಪ. ಹಿಡಿಯಿರಿ ಅಂದ, ಹಿಡಿದ. ಹೋಟೆಲಿಗೆ ಬಂದ ಮೇಲೆ ಪ್ರೀತಮನ ಮಗಳು ನಿಶಾ, ಕಾಲೇಜಿನವಳು, ತೊಟ್ಟಿಗೆ ಮೂಗು ಹಚ್ಚಿ ನೋಡಿ ಹೌಹಾರಿದಳು: "ಅಜ್ಜಾ, ಇದು... ಪ್ರೊಟೆಕ್ಟೆಡ್ ಹೈ, ಮಾಲೂಮ್? ಟೈಗರ್ ಇದೆಯಲ್ಲ, ಸೇಮ್ ಟೈಗರ್ ಕಾ ಕಾನೂನ್." ಅವಳಪ್ಪ ಕೇಳಿಸಿಕೊಂಡು, ನೀನು ಪರೀಕ್ಷೆಗೆ ಓದು ಎಂದ. ಅಂದಿನಿಂದ ಆ ಟಕ್ ಎಂಬ ಸದ್ದು ಕೊರಗಪ್ಪನಿಗೆ ಆಗಾಗ, ಗಿರಾಕಿಗಳ ಗದ್ದಲದ ನಡುವೆಯೂ, ಕೇಳಿಬರುತ್ತಿತ್ತು. ಕದ್ದವನು ತಿಲಕ್ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಹಾಗಾದರೆ ಬಕೆಟ್ ಹಿಡಿದವನನ್ನು ಏನೆನ್ನುತ್ತಾರೆ?

ಇವತ್ತು ಹಾಲು ಕತ್ತಲಾಗಿ ಇನ್ನೇನು ಬೆರಳುಗಳು ಹೊರಬರಬೇಕು, ಪ್ರೀತಮ್ ಶಟರಿನಡಿ ಬಗ್ಗಿ ಒಳಗೆ ಬಂದು ಪಟಪಟನೆ ಎಲ್ಲ ದೀಪ ಹಾಕಿದ. ಕಲ್ಲು ಮುಖ ಮುಚ್ಚಿಕೊಂಡಿತು. ಕೊರಗಪ್ಪನ ಬೆರಳಲ್ಲಿ ಸಿಗಡಿಯ ಪುಡಿ ಹಾಗೇ ಉಳಿಯಿತು.

"ಮಾವ, ಇನ್ನೂ ಡ್ರೆಸ್ ಹಾಕಿಲ್ವಾ? ಫೋಟೋದವರು ಬೇಗ ಬರ್ತಾರೆ." ಪ್ರೀತಮ್ ತೊಟ್ಟಿಯ ಮುಂದೆ ನಿಂತು ಮೂಗು ಮುರಿದ. "ಛೆ, ಇದೆಂತ ಇದು, ಎಷ್ಟು ಗಲೀಜು! ಬಾಗಿಲಲ್ಲೇ ಜನ ಇದನ್ನು ನೋಡ್ಬೇಕಾ?" ಫೋನು ತೆಗೆದು ಮಾವನ ಮುಖಕ್ಕೆ ಹಿಡಿದ. ಪರದೆಯಲ್ಲಿ ನೀಲಿ ನೀರು, ನೀರಿನಲ್ಲಿ ಹಾಲಿನಂಥ ಬಿಳಿ ಹವಳ. "ನೋಡಿ, ಹವಳ ಅಂದ್ರೆ ಹೀಗಿರ್ಬೇಕು. ಡಿಸೈನರ್ ಕೂಡ ಅದೇ ಹೇಳಿದ, ವೈಟ್ ಥೀಮ್. ಟೇಬಲ್ ಕ್ಲಾತ್‌ಗೆ ಹಾಕ್ತೇವಲ್ಲ, ಆ ಪೌಡರ್‌ನಲ್ಲಿ ಎರಡು ಗಂಟೆ ನೆನೆಸಿದ್ರೆ ಆಯ್ತು."

"ಅದು ಸತ್ತದ್ದು ಮಾರಾಯ," ಅಂದ ಕೊರಗಪ್ಪ. "ಫೋಟೋದಲ್ಲಿ ಇರುವುದು. ಸತ್ತ ಮೇಲೆ ಬಿಳಿ. ಇದಕ್ಕೆ ಜೀವ ಉಂಟು."

"ಅಯ್ಯೋ ಮಾವ, ಕಲ್ಲಿಗೆಂತ ಜೀವ?"

"ನಿನ್ನ ಮಗಳೇ ಹೇಳ್ಲಿಲ್ವಾ? ಹುಲಿಗೆ ಇರುವ ಕಾನೂನೇ ಇದಕ್ಕೂ ಅಂತ. ಹುಲಿಯನ್ನು ಬ್ಲೀಚ್ ಮಾಡ್ತೀಯಾ?"

ಪ್ರೀತಮ್ ನಕ್ಕ. ಪ್ರೀತಿಯಿಂದಲೇ ನಕ್ಕ, ಕೊರಗಪ್ಪನಿಗೆ ಉರಿದದ್ದು ಅದಕ್ಕೇ. "ಅದಕ್ಕೇ ಹೇಳಿದ್ದು. ಜೀವ ಇದ್ರೆ ಕೇಸ್, ಇಲ್ಲದಿದ್ರೆ ಬರೀ ಕಲ್ಲು. ಎರಡೂ ಕೆಲಸ ಆಯ್ತಲ್ಲ. ನೀವು ಡ್ರೆಸ್ ಹಾಕಿ ಮಾವ, ಪ್ಲೀಸ್. ಹನುಮವ್ವಾ! ಇದನ್ನು ತೆಗ್ದು ಟಬ್‌ನಲ್ಲಿ ನೆನೆಹಾಕು. ಏಳು ಗಂಟೆಗೆ ಫಸ್ಟ್ ಕ್ಲಾಸ್ ಬಿಳಿ ಆಗಿರ್ಬೇಕು." ಪಾತ್ರೆ ತೊಳೆಯುವವಳಿಗೆ ಹಾಗೆ ಕೂಗಿ ಹೇಳಿ, ಕಿವಿಗೆ ಫೋನು ಹಚ್ಚಿ, ಬಂದ ಹಾಗೆಯೇ ಶಟರಿನಡಿ ನುಸುಳಿ ಹೋದ.

ಹೋಟೆಲಿನವರಿಗೆ ಬಿಳಿ ಎಂದರೆ ಚೊಕ್ಕಟ, ಅಷ್ಟೇ. ಅದನ್ನು ಅಳಿಯನಿಗೆ ಕಲಿಸಿದವನೂ ತಾನೇ ಎಂದು ಕೊರಗಪ್ಪನಿಗೆ ಹೊಳೆದದ್ದು ಪಾಯಖಾನೆಯ ಕನ್ನಡಿಯ ಮುಂದೆ, ಜರಿ ಪಂಚೆಯ ಗಂಟನ್ನು ಎರಡೆರಡು ಸಲ ಬಿಗಿಯುವಾಗ. ಚಹಾದ ಕರೆ ಹಿಡಿದ ಕಪ್ಪು, ಸಾಂಬಾರಿನ ಹಳದಿ ಹತ್ತಿದ ಮೇಜಿನ ಬಟ್ಟೆ, ಅಡಿಗೆಯವರ ಏಪ್ರನ್, ಎಲ್ಲವನ್ನೂ ವಾರಕ್ಕೊಮ್ಮೆ ಪೌಡರಿನಲ್ಲಿ ಮುಳುಗಿಸಿಡುವುದು ಈ ಹೋಟೆಲಿನ ಪದ್ಧತಿ. ಪ್ರೀತಮ್ ಊರಿಂದ ಹೊಸದಾಗಿ ಬಂದಾಗ, ಮೀಸೆ ಬಾರದ ಹುಡುಗ, ಒಂದು ಕಪ್ಪಿನ ಒಳಗೆ ಬೆರಳು ತಿರುಗಿಸಿ ತೋರಿಸಿ ಕೊರಗಪ್ಪ ಬೈದಿದ್ದ: ಕಲೆ ಕಂಡರೆ ಗಿರಾಕಿ ಬರುವುದಿಲ್ಲ, ತಿಕ್ಕು. ಹುಡುಗ ಕೈ ಸಿಪ್ಪೆ ಏಳುವವರೆಗೆ ತಿಕ್ಕಿದ್ದ. ಈಗ ಮಾವನನ್ನೂ ತಿಕ್ಕುತ್ತಿದ್ದಾನೆ. ಕನ್ನಡಿಯಲ್ಲಿ ಬಿಳಿ ಬಟ್ಟೆಯ ಮುದುಕನೊಬ್ಬ ನಿಂತಿದ್ದ, ಮದುವೆ ಹಾಲುಗಳ ಬಾಗಿಲಲ್ಲಿ ಪನ್ನೀರು ಚಿಮುಕಿಸುವವನ ಹಾಗೆ. ಛೀ ಎಂದ ಕೊರಗಪ್ಪ. ಹೇಳಿದ್ದೇನೋ ಛೀ ಎಂದು, ಆದರೆ ಉಟ್ಟದ್ದನ್ನು ಬಿಚ್ಚಲಿಲ್ಲ. ಉಡು ಅಂದರು, ಉಟ್ಟ. ಹಿಡಿಯಿರಿ ಅಂದರು, ಹಿಡಿದ. ಗಲ್ಲಾದ ಹಿಂದೆ ಹುಲಿಯ ಹಾಗೆ ಕೂತವನು ಯಾವಾಗ ಇಷ್ಟು ಮೆತ್ತಗಾದೆ ಎಂದು ಯೋಚಿಸುತ್ತ ನಿಂತವನ ಮೂಗಿಗೆ ಘಾಟು ಬಡಿಯಿತು. ಬ್ಲೀಚಿಂಗ್ ಪೌಡರು. ಪಕ್ಕದ ಪಾತ್ರೆ ತೊಳೆಯುವ ಮೋರಿಯಿಂದ.

ಹನುಮವ್ವ ಮೋರಿಯ ಕಟ್ಟೆಯ ಮೇಲೆ ನೀಲಿ ಟಬ್ಬಿಟ್ಟುಕೊಂಡು, ಸೆರಗಿನಿಂದ ಮೂಗು ಮುಚ್ಚಿ, ಕೋಲಿನಿಂದ ಕಲಕುತ್ತಿದ್ದಳು. ವಿಜಾಪುರದ ಕಡೆಯವಳು, ಕಟ್ಟಡದ ಕೆಲಸದಿಂದ ಸೊಂಟ ಹಿಡಿದ ಮೇಲೆ ಇಲ್ಲಿಗೆ ಸೇರಿದವಳು. ಕಲ್ಲನ್ನು ಆಗಲೇ ತೊಟ್ಟಿಯಿಂದ ತೆಗೆದು ಒಂದು ಸ್ಟೀಲು ತಟ್ಟೆಯಲ್ಲಿ ಪಕ್ಕಕ್ಕಿಟ್ಟಿದ್ದಳು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಯ್ಯ ಶಿವನೇ, ಅಣ್ಣಾರ! ಮದುಮಗನ ಹಂಗ ಕಾಣಾಕತ್ತೀರಲ್ರೀ," ಎಂದು ನಕ್ಕಳು.

"ಹನುಮವ್ವ, ಅದನ್ನು ಟಬ್ಬಿಗೆ ಹಾಕಬೇಡ."

"ಮಾಲಕರು ಬಿಳೀ ಮಾಡಂದಾರ್ರೀ. ಈಗ ನೀವು ಬ್ಯಾಡ ಅಂತೀರಿ. ನಾ ಯಾರ ಮಾತ ಕೇಳ್ಲಿ?" ಕೋಲು ನಿಲ್ಲಿಸಿ ಕಲ್ಲಿನತ್ತ ಬಗ್ಗಿದಳು. "ಇದಕ್ಕ ಖರೇನ ಜೀವ ಐತೇನ್ರೀ?"

"ಉಂಟು. ಉಣ್ಣುತ್ತದೆ. ದಿನಾ ನಾನೇ ಉಣಿಸ್ತೇನೆ."

ಹನುಮವ್ವ ಅವನ ಮುಖವನ್ನೇ ನೋಡಿದಳು. ಮುದುಕನಿಗೆ ಅರಳುಮರಳು ಎಂದುಕೊಂಡಳೋ ಏನೋ. ಆದರೆ ಕೋಲನ್ನು ಪಕ್ಕಕ್ಕಿಟ್ಟಳು. "ಉಣ್ಣೂದನ್ನ ಕೊಂದ್ರ ಪಾಪ ಬರತೈತ್ರೀ. ಆದ್ರ ನನ್ನ ಕೆಲಸ ಹೋದ್ರ ಮನ್ಯಾಗ ಉಣ್ಣೂ ಮಂದಿ ನಾಕ ಅದಾರ. ಅದನ್ನೂ ವಿಚಾರ ಮಾಡ್ರಿ."

"ನಿನ್ನ ಮೇಲೆ ಬರುವುದಿಲ್ಲ. ಕೊರಗಪ್ಪ ತಕೊಂಡು ಹೋದ ಅಂತ ಹೇಳು. ಹೆಸರು ಹಿಡಿದೇ ಹೇಳು."

ಗಲ್ಲಾದ ಕೆಳಗೆ, ಹಳೇ ಕ್ಯಾಲೆಂಡರುಗಳ ಹಿಂದೆ ಸಾಂಬಾರ್ ಬಕೆಟ್ ಇನ್ನೂ ಇತ್ತು. ಬದಿ ತಗ್ಗಿದ, ಹಿಡಿಕೆ ಸವೆದು ನುಣುಪಾದ ಬಕೆಟ್. ಇದನ್ನು ಹಿಡಿದುಕೊಂಡೇ ಅವನು ಮೇಜಿನಿಂದ ಮೇಜಿಗೆ ಓಡಾಡಿದ್ದ, ಇನ್ನೂ ಸ್ವಲ್ಪ ಹಾಕ್ಲಾ ಎಂದು ಕೇಳುತ್ತ. ತೊಟ್ಟಿಯ ನೀರನ್ನು ಮೊಗೆದು ತುಂಬಿಸಿ ಕಲ್ಲನ್ನು ಒಳಗಿಟ್ಟ. ಶಟರಿನಡಿ ಬಗ್ಗುವಾಗ ಜರಿ ಅಂಚು ಕಾಲಿಗೆ ಸಿಕ್ಕಿ ಮುಗ್ಗರಿಸಿದ, ಒಂದು ಕುಡುತೆ ನೀರು ಮೆಟ್ಟಿಲ ಮೇಲೆ ಚೆಲ್ಲಿತು. ಇವತ್ತು ಅಮಾವಾಸ್ಯೆ. ಅಮಾವಾಸ್ಯೆಯ ದಿನ ಯಾರಾದರೂ ಉದ್ಘಾಟನೆ ಇಟ್ಟುಕೊಳ್ಳುತ್ತಾರೋ ಎಂದು ಅವನು ಬಾಯಿ ಬಡಿದುಕೊಂಡಿದ್ದ. ವಿಡಿಯೋ ಮಾಡುವವಳಿಗೆ ಈ ದಿನ ಮಾತ್ರ ಪುರುಸೊತ್ತು ಎಂದು ಪ್ರೀತಮ್ ಕೇಳಿರಲಿಲ್ಲ. ಒಳ್ಳೆಯದೇ ಆಯಿತು. ಅಮಾವಾಸ್ಯೆಯ ಸಂಜೆ ಸಮುದ್ರ ದೂರ ಇಳಿಯುತ್ತದೆ, ಬಂಡೆಗಳು ಬರಿದಾಗುತ್ತವೆ. ಕಡಲ ಕರೆಯಲ್ಲಿ ಹುಟ್ಟಿದ ಯಾವ ಮಗುವಿಗೂ ಅಷ್ಟು ಗೊತ್ತು.

ರಿಕ್ಷಾದವನು ಮೊದಲು ಬಿಳಿ ಬಟ್ಟೆ ನೋಡಿದ, ಆಮೇಲೆ ಬಕೆಟ್ ನೋಡಿದ. "ಕ್ಯಾ ಹೈ ಚಾಚಾ, ಸಾಂಬಾರ್?" ಎಂದ. "ಹಾಂ, ಸಾಂಬಾರ್. ಧೀರೇ ಚಲಾನಾ, ಗಿರೇಗಾ," ಚೆಲ್ಲೀತು, ಮೆಲ್ಲಗೆ ಓಡಿಸು ಅಂದ ಕೊರಗಪ್ಪ. ಎಸ್. ವಿ. ರೋಡಿನಲ್ಲಿ ಗಾಡಿಗಳು ಒಂದರ ಬೆನ್ನಿಗೆ ಒಂದು ಅಂಟಿಕೊಂಡು ನಿಂತಿದ್ದವು. ಬಕೆಟ್ಟನ್ನು ಮೊಣಕಾಲುಗಳ ನಡುವೆ ಹಿಡಿದು ಅವನು ಅದರೊಳಗೇ ನೋಡುತ್ತಿದ್ದ. ತಾನು ಮೊದಲ ಸಲ ಈ ಊರಿಗೆ ಬಂದಾಗ ಸೋದರಮಾವನ ಹೋಟೆಲಿನ ಪಾತ್ರೆ ತೊಳೆಯುವ ಮೋರಿಯ ಪಕ್ಕದಲ್ಲೇ ಮಲಗುತ್ತಿದ್ದುದು, ಗೋಣಿಯ ಕೆಳಗೆ ನೀರು ಬರುತ್ತಿದ್ದುದು, ಬೆಳಿಗ್ಗೆ ಎದ್ದರೆ ಬೆನ್ನಿನಲ್ಲಿ ಕಲ್ಲಿನ ಅಚ್ಚು ಮೂಡಿರುತ್ತಿದ್ದುದು ನೆನಪಾಯಿತು. ಯಾರೂ ಅವನನ್ನು ತಂದು ಅಲ್ಲಿ ಕೂರಿಸಿರಲಿಲ್ಲ, ಹೋಗು ಎಂದಾಗಲೂ ಹೋಗಿರಲಿಲ್ಲ. ಬಕೆಟ್ಟಿನ ನೀರು ಬಿಸಿಯಾಗುತ್ತಿದೆಯೇ? ಬೆರಳದ್ದಿ ನೋಡಿದ. ಶಲ್ಯವನ್ನು ಹೆಗಲಿನಿಂದ ತೆಗೆದು ಬಕೆಟ್ಟಿನ ಬಾಯಿಗೆ ಹೊದಿಸಿದ. ನೆರಳಾದರೆ ಅವಕ್ಕೆ ಸಮಾಧಾನ. ಸಿಗ್ನಲ್ಲಿನಲ್ಲಿ ಶಲ್ಯದ ಅಂಚು ಎತ್ತಿ ಇಣುಕಿದರೆ ಒಂದೆರಡು ಬಟ್ಟಲಿನಿಂದ ಬೆರಳು ಹೊರಬಂದಿತ್ತು. "ಇರಿ ಇರಿ, ಬಂತು," ಎಂದ ಅವನು, ಗಟ್ಟಿಯಾಗಿಯೇ. ರಿಕ್ಷಾದವನು ಕನ್ನಡಿಯಲ್ಲಿ ನೋಡಿದ.

ಖಾರ್ ದಾಂಡಾದ ದಡದಲ್ಲಿ ಒಣಮೀನಿನ ವಾಸನೆ, ಅದರ ಕೆಳಗೆ ಗಟಾರದ ನಾಲೆಯ ವಾಸನೆ. ಸಮುದ್ರ ಹಿಂದೆ ಸರಿದು ಕರಿ ಬಂಡೆಗಳ ಬಯಲನ್ನೇ ಬಿಟ್ಟುಹೋಗಿತ್ತು. ಚಪ್ಪಲಿಯನ್ನು ದಡದಲ್ಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ ಇಳಿದ. ಕಲ್ಲಿಗೆ ಕಚ್ಚಿದ ಚಿಪ್ಪುಗಳು ಅಂಗಾಲನ್ನು ಸೀಳಿದವು. ಚಿಪ್ಸಿನ ಪೊಟ್ಟಣ, ಕೊಳೆತ ಹೂವಿನ ಹಾರ, ಒಂಟಿ ಬೂಟು, ಯಾವುದೋ ಮೂರ್ತಿಯ ಬಣ್ಣ ಹೋದ ಕೈ, ಎಲ್ಲದರ ಮೇಲೂ ಕೆಸರಿನ ತೆಳು ಪದರ. ತಿಲಕ್ ಮೀಟಿದ ಜಾಗ ಯಾವುದು? ಅವನು ಹುಡುಕಿದ. ಎಲ್ಲ ಹೊಂಡಗಳೂ ಒಂದೇ ಥರ ಕಂಡವು. ಸಲಾಕೆಯ ಗುರುತು ಎಲ್ಲೂ ಇರಲಿಲ್ಲ. ಅಲ್ಲಿ ಇಷ್ಟರಲ್ಲಿ ಬೇರೇನೋ ಬಂದು ಅಂಟಿಕೊಂಡಿರಬೇಕು. ತಂದು ಅದೇ ಜಾಗದಲ್ಲಿ ಇಟ್ಟು, ಇಗೋ ಸರಿಯಾಯಿತು ಎಂದು ಕೈ ಝಾಡಿಸಿಕೊಳ್ಳುವ ಆಸೆಯೊಂದು ಮನಸ್ಸಿನಲ್ಲಿ ಇತ್ತೆಂದು ಅವನಿಗೆ ಆಗ ಗೊತ್ತಾಯಿತು. ಅದು ಆಗುವ ಮಾತಲ್ಲ. ನಾಚಿಕೆಯಾಯಿತು, ಕಣ್ಣು ಉರಿಯಿತು. ಬಕೆಟ್ ಹಿಡಿದು ಬಂಡೆಯ ಮೇಲೆ ಕುಕ್ಕರಿಸಿದ.

ಹಾಗೆ ಕೂತಾಗಲೇ ಕಂಡದ್ದು. ಎದುರಿನ ಹೊಂಡದ ಒಳಗೋಡೆಯಲ್ಲಿ, ಚಾಚಿದ ಬಂಡೆಯ ನೆರಳಿನಲ್ಲಿ, ಅದೇ ಕಂದುಗಪ್ಪು ತೇಪೆ, ಅದೇ ಬಿಳಿ ಗೆರೆ. ಅದರ ಪಕ್ಕ ಇನ್ನೊಂದು. ಬಗ್ಗಿ ನೋಡಿದರೆ ಹೊಂಡದ ತಳದಲ್ಲಿ, ದಡ ಕಟ್ಟಲು ಯಾವ ಕಾಲದಲ್ಲೋ ತಂದು ಸುರಿದ ಕಾಂಕ್ರೀಟಿನ ತುಂಡಿನ ಮೇಲೆ ಕೂಡ ಒಂದು, ಎಂಟಾಣೆಯಷ್ಟಗಲ, ಹೊಸದು. ಕಾಂಕ್ರೀಟಿನ ಮೇಲೆ! ಕೊರಗಪ್ಪನಿಗೆ ನಗು ಬಂತು. "ಅರೇ, ಪಗಡಿ, ಬಾಡಿಗೆ ಎಂತದೂ ಕೊಡದೆ ಕೂತುಬಿಟ್ಟಿದ್ದೀರಲ್ಲ ಮಾರಾಯ್ರೆ!" ಎಂದ. ನಾಲೆಯ ನೀರು ಹತ್ತಿರದಲ್ಲೇ ಕಪ್ಪಗೆ ಹರಿಯುತ್ತಿತ್ತು. ಇಷ್ಟು ದೊಡ್ಡ ಊರು ದಿನಾ ಇವುಗಳ ಮುಖಕ್ಕೆ ಉಗಿಯುತ್ತದೆ, ಇವು ಒರೆಸಿಕೊಂಡು ಇನ್ನೊಂದು ಬಟ್ಟಲು ಕಟ್ಟುತ್ತವೆ. ಮಂಡಿಯವರೆಗೆ ಹೊಂಡಕ್ಕಿಳಿದು, ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ಆ ಚಾಚಿದ ಬಂಡೆಯ ಕೆಳಗಿನ ಸೀಳಿನಲ್ಲಿ, ಬಟ್ಟಲುಗಳು ಮೇಲೆ ಬರುವಂತೆ ಒತ್ತಿ ಕೂರಿಸಿದ. ಅಲುಗಿತು. ಸುತ್ತಲಿನ ಚೂರುಕಲ್ಲುಗಳನ್ನು ಆಯ್ದು, ರುಬ್ಬುಕಲ್ಲಿಗೆ ಬೆಣೆ ಕೊಡುವ ಹಾಗೆ, ಒಂದೊಂದಾಗಿ ಸೀಳಿಗೆ ಬಡಿದ. ಮತ್ತೆ ಅಲುಗಿಸಿ ನೋಡಿದ. ಅಲುಗಲಿಲ್ಲ. ಮೇಲೇಳುವಾಗ ಕಾಲು ಜಾರಿ ಹೊಂಡದಲ್ಲೇ ಕೂತುಬಿಟ್ಟ. ಜರಿ ಪಂಚೆ, ಅಂಗಿ, ಎಲ್ಲ ಎದೆಯವರೆಗೆ ಕೆಸರು. ಏಳಲು ಅವಸರ ಮಾಡಲಿಲ್ಲ. ಇದು ಉಳಿಯುತ್ತದೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಟಬ್ಬಿನಲ್ಲಂತೂ ಸಾಯುತ್ತಿತ್ತು.

ದಡಕ್ಕೆ ಬಂದಾಗ ಚಪ್ಪಲಿ ಇರಲಿಲ್ಲ, ಯಾರೋ ಹಾಕಿಕೊಂಡು ಹೋಗಿದ್ದರು. ಹೋಗಲಿ. ಇಲ್ಲಿಂದ ನೆಟ್ಟಗೆ ಚೆಂಬೂರಿಗೆ ಹೋಗಿ, ಬಿಸಿನೀರು ಮಿಂದು, ಪ್ರಫುಲ್ಲಾ ಬಡಿಸಿದ್ದನ್ನು ಉಂಡು ಮಲಗುವುದು. ಕೈ ಮುಗಿಯಲು ಬೇರೆ ಮುದುಕನನ್ನು ಬಾಡಿಗೆಗೆ ತರಲಿ. ಈ ಯೋಚನೆಯಿಂದ ಅವನಿಗೆ ಹಾಯೆನಿಸುತ್ತಿದ್ದ ಹಾಗೆಯೇ ಅಂಗಿಯ ಜೇಬಿನಲ್ಲಿ ಒದ್ದೆ ಫೋನು ಅದುರಿತು.

"ಮಾವ, ಎಲ್ಲಿದ್ದೀರಿ? ಜನ ಬರ್ಲಿಕ್ಕೆ ಶುರು ಆಯ್ತು! ಇಲ್ಲಿ ಆ ಹನುಮವ್ವ ಕಲ್ಲು ಒಡೆದು ಎಲ್ಲೋ ಬಿಸಾಡಿದ್ದಾಳೆ. ಕೇಳಿದ್ರೆ ನಾ ಕಾಣೆ ಅಂತಾಳೆ. ನಾಳೆಯಿಂದ ಬರ್ಬೇಡ ಅಂದೆ. ನೀವು ಬೇಗ ಬನ್ನಿ."

"ನಾ ಕಾಣೆ ಅಂದ್ಳಾ?"

"ಹೌದು. ಬಾಯಿ ಬಿಡುದಿಲ್ಲ. ಕಳ್ಳಿ."

ಹೆಸರು ಹಿಡಿದೇ ಹೇಳು ಎಂದಿದ್ದ. ಹೇಳಲಿಲ್ಲ. ತನಗೆ ಅಳಿಯನಿಂದ ಮಾತು ಬರಬಾರದೆಂದು ಮನೆಯ ನಾಲ್ಕು ಬಾಯಿಗಳನ್ನು ಪಣಕ್ಕಿಟ್ಟು ಸುಮ್ಮನಾಗಿದ್ದಾಳೆ. ತಾನು ಇಲ್ಲಿ ಹಾಯಾಗಿ ಚೆಂಬೂರಿನ ಬಿಸಿನೀರಿನ ಯೋಚನೆಯಲ್ಲಿದ್ದೇನೆ. ಮತ್ತೆ ಬಕೆಟ್ ಹಿಡಿದವನೇ ಆದೆನಲ್ಲ! ತನ್ನ ಮೇಲೇ ಬಂದ ಸಿಟ್ಟಿಗೆ ಕೊರಗಪ್ಪನ ಕಿವಿ ಬಿಸಿಯಾಯಿತು. "ಅವಳನ್ನು ಎಲ್ಲಿಗೂ ಕಳಿಸಬೇಡ. ನಾನು ಬರ್ತಾ ಇದ್ದೇನೆ," ಎಂದ. ಒಂದು ರಿಕ್ಷಾ ಕೆಸರು ನೋಡಿ ನಿಲ್ಲಿಸದೆ ಹೋಯಿತು. ಎರಡನೆಯದಕ್ಕೆ ಅವನು ರಸ್ತೆಯ ನಡುವೆಯೇ ಬಕೆಟ್ ಅಡ್ಡ ಹಿಡಿದು ನಿಂತ.

ಹೋಟೆಲಿನ ಮುಂದೆ ದೀಪದ ಸರಗಳು, ಬಾಗಿಲಿಗೆ ಬಿಳಿ ಹೂವು. ಕಾಲಿಡಲು ಜಾಗವಿಲ್ಲದಷ್ಟು ಜನ. ಪ್ರೀತಮ್ ದೂರದಿಂದಲೇ ನೋಡಿ ಮುಖ ಕಪ್ಪಿಟ್ಟು ಓಡಿ ಬಂದ. "ದೇವರೇ! ಮಾವ, ಎಂತ ಅವಸ್ಥೆ ಇದು? ಹಿಂದಿನ ಬಾಗಿಲಿಂದ ಬನ್ನಿ, ಹಿಂದಿನಿಂದ!"

"ಈ ಬಾಗಿಲು ಇಡಿಸಿದ್ದು ನಾನು," ಎಂದ ಕೊರಗಪ್ಪ, ಒಳಗೆ ನಡೆದ. ಹೊಸ ಬಿಳಿ ನೆಲದ ಮೇಲೆ ಅವನ ಬರಿಗಾಲಿನ ಕೆಸರು ಒಂದರ ಹಿಂದೆ ಒಂದು ಮೂಡಿತು, ಎಡಗಾಲಿನದರಲ್ಲಿ ಸ್ವಲ್ಪ ರಕ್ತವೂ ಇತ್ತು. ಜನ ದಾರಿ ಬಿಟ್ಟರು. ವಿಡಿಯೋ ಮಾಡುವವಳು ಫೋನನ್ನು ಅವನತ್ತ ತಿರುಗಿಸಿದಳು. ತೊಟ್ಟಿಯಲ್ಲಿ ನೀಲಿ ದೀಪ ಉರಿಯುತ್ತಿತ್ತು, ಒಳಗೆ ಬರೀ ನೀರು. ಅದರ ಪಕ್ಕದಲ್ಲಿದ್ದ ತನ್ನ ಕುರ್ಚಿಯ ಬೆನ್ನು ಹಿಡಿದು ಅವನು ಎಳೆದ. ಕುರ್ಚಿಯ ಕಾಲು ಕಿರ್ರೆಂದು ಇಡೀ ಹಾಲಿಗೆ ಕೇಳುವಂತೆ ಕಿರುಚಿತು. ಗೇಣು ಗೇಣಾಗಿ ಹೋದದ್ದನ್ನು ಒಂದೇ ಉಸಿರಿಗೆ ಗಲ್ಲಾದವರೆಗೆ ಎಳೆದುಕೊಂಡು ಹೋಗಿ, ವಯರನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಕೂತ. ಸಾಂಬಾರ್ ಬಕೆಟ್ಟನ್ನು ಬಿಲ್ಲಿನ ಮಶೀನಿನ ಪಕ್ಕ ಠಣ್ಣೆಂದು ಇಟ್ಟ. ಮಶೀನಿನ ಹುಡುಗಿ ಎದ್ದು ನಿಂತಳು.

"ಅಂಕಲ್, ಯೇ ಟ್ಯಾಂಕ್ ಖಾಲೀ ಕ್ಯೂಂ ಹೈ?" ತೊಟ್ಟಿ ಯಾಕೆ ಖಾಲಿ ಎಂದು ಕೇಳಿದಳು ವಿಡಿಯೋದವಳು.

"ಜಿಸ್ಕಾ ಥಾ ವೋ ಘರ್ ಗಯಾ. ಮೈಂ ಲೇಕೆ ಗಯಾ." ಅದರಲ್ಲಿದ್ದದ್ದು ತನ್ನ ಮನೆಗೆ ಹೋಯಿತು, ಒಯ್ದವನು ತಾನೇ ಎಂದ ಕೊರಗಪ್ಪ. ಆಮೇಲೆ ಅಳಿಯನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, "ಹನುಮವ್ವ ಅಲ್ಲ. ನಾನು. ಅಲ್ಲಿಂದ ಕದ್ದು ತಂದಾಗ ಬಕೆಟ್ ಹಿಡಿದವನೂ ನಾನೇ. ಅವಳು ನಾಳೆ ಬರ್ತಾಳೆ, ನಾಡಿದ್ದೂ ಬರ್ತಾಳೆ. ಬರಬಾರದು ಅಂತಾದ್ರೆ ನನಗೆ ಹೇಳು ಪ್ರೀತಮ್, ಈಗ, ಇಲ್ಲೇ, ಈ ಜನರ ಮುಂದೆ," ಎಂದ.

ಪ್ರೀತಮ್ ಸುತ್ತ ನೋಡಿದ. ಆಮೇಲೆ ಬಹಳ ಸಣ್ಣ ದನಿಯಲ್ಲಿ, ಕಪ್ಪು ತಿಕ್ಕುತ್ತಿದ್ದ ಕಾಲದ ದನಿಯಲ್ಲಿ, "ಆಯ್ತು ಮಾವ," ಎಂದ. "ಬಟ್ಟೆಯಾದ್ರೂ ಬದಲಿಸಿ."

ಕೊರಗಪ್ಪ ಏಳಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ಹನುಮವ್ವ ಕಾಣಿಸಿಕೊಂಡಳು, ಅತ್ತು ಕಣ್ಣು ಊದಿತ್ತು. ಅವಳು ಯಾರ ಮುಖವನ್ನೂ ನೋಡದೆ, ಅಭ್ಯಾಸಬಲದಿಂದ, ಒರೆಸುವ ಕೋಲು ಹಿಡಿದು ಬಾಗಿಲಿನಿಂದ ಗಲ್ಲಾದವರೆಗಿನ ಕೆಸರಿನ ಹೆಜ್ಜೆಗಳ ಕಡೆ ಬಂದಳು.

"ಇರಲಿ ಬಿಡು ಹನುಮವ್ವ," ಅಂದ ಅವನು. "ಒರೆಸಬೇಡ."